ಎಂಬತ್ತೈದು ಇಂಚಿನ ಮೇಜು

ಹೊಸ ಮನೆಗೆ ಬಂದ ಹನ್ನೊಂದನೆಯ ದಿನ ಬೆಳಿಗ್ಗೆ ಟೈಲರಮ್ಮ ಅಡುಗೆಮನೆಯ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬ ತೆಗೆಯಲು ಹೋಗಿ, ಪಕ್ಕದ ಉಪ್ಪಿನ ಡಬ್ಬವನ್ನು ತಲೆಯ ಮೇಲೆ ಕೆಡವಿಕೊಂಡಳು.

"ಏನು ಬಿತ್ತು?" ಎಂದು ಹಾಲಿನಿಂದ ಅತ್ತೆ ಕೂಗಿದರು.

"ಉಪ್ಪಿನ ಡಬ್ಬ."

"ಚೆಲ್ಲಿತಾ?"

"ಇಲ್ಲ, ನನ್ನ ತಲೆ ಅಡ್ಡ ಬಂತು."

ಅತ್ತೆಗೆ ಸಮಾಧಾನವಾಯಿತು. ಟೈಲರಮ್ಮನಿಗೆ ಮೈ ಉರಿಯಿತು. ಆ ಕಪಾಟಿನ ಎತ್ತರ ಆರಿಸಿದವರು ಅತ್ತೆ. ಅವರು ಐದಡಿ ಏಳಿಂಚಿನ ಆಳು, ಈ ವಯಸ್ಸಿನಲ್ಲೂ ಬೆನ್ನು ಬಾಗಿಲ್ಲ. ಟೈಲರಮ್ಮ ಐದಡಿಗೆ ಒಂದಿಂಚು ಕಡಿಮೆ. ಅಡುಗೆ ಮಾಡುವವಳು ಟೈಲರಮ್ಮನೇ ಆದರೂ, ಕಪಾಟು ಕೂರಿಸುವ ದಿನ ಅಲ್ಲಿ ನಿಂತಿದ್ದವರು ಅತ್ತೆ. "ಇಷ್ಟೆತ್ತರ ಇರ್ಲಿ, ತಲೆಗೆ ತಾಗಲ್ಲ" ಅಂದರು. ಗಂಡ "ಆಯ್ತು ಬಿಡು" ಅಂದ. ಅಲ್ಲಿಗೆ ಕತೆ ಮುಗಿಯಿತು.

ಈ "ಆಯ್ತು ಬಿಡು" ಬಗ್ಗೆ ಎರಡು ಮಾತು ಹೇಳಲೇಬೇಕು. ಗಂಡ ಬಸ್ ಡಿಪೋದಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂರುವವನು. ಬಸ್ಸು ನಿಲ್ಲಿಸಲಿಲ್ಲ, ಕಿಟಕಿ ಮುಚ್ಚಲಾಗಲಿಲ್ಲ, ಸೀಟಿನ ಮೊಳೆ ಪ್ಯಾಂಟು ಹರಿಯಿತು ಎಂದು ದಿನವಿಡೀ ಜನ ಬಂದು ಅವನ ಮುಖಕ್ಕೆ ಕೂಗುತ್ತಾರೆ. ಅವನು ಎಲ್ಲವನ್ನೂ ಕೇಳಿಸಿಕೊಂಡು "ಆಯ್ತು ಬಿಡಿ" ಅನ್ನುತ್ತಾನೆ. ಅಷ್ಟಕ್ಕೇ ಜನ ತಣ್ಣಗಾಗಿ ಹೋಗುತ್ತಾರೆ. ಇಪ್ಪತ್ತೈದು ವರ್ಷ ಇದನ್ನೇ ಹೇಳಿ ಹೇಳಿ ಆ ಮಾತು ಅವನ ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಮನೆ ಕಟ್ಟುವಾಗ ಮೇಸ್ತ್ರಿ "ಸಾರ್, ಮೆಟ್ಟಿಲು ಈ ಕಡೆ ತಿರುಗಿಸೋಣ" ಅಂದ, ಆಯ್ತು ಬಿಡು. ಮಗಳು "ಹಾಲಿಗೆ ಬೂದು ಬಣ್ಣ" ಅಂದಳು, ಆಯ್ತು ಬಿಡು. ಅದು ಮೂರು ದಿನ ನೆನೆಹಾಕಿ ಒಗೆಯುವುದನ್ನು ಮರೆತ ಬಟ್ಟೆಯ ಬಣ್ಣ. ನಾದಿನಿ, ಅಂದರೆ ಅವನ ತಂಗಿ, ಫೋನಿನಲ್ಲೇ ಬಚ್ಚಲಿನ ಟೈಲ್ಸ್ ಆರಿಸಿದಳು, ಅದಕ್ಕೂ ಆಯ್ತು ಬಿಡು. ಆ ಟೈಲ್ಸಿನ ಮೇಲೆ ನೀರು ಬಿದ್ದರೆ ಅತ್ತೆಯಿಂದ ಹಿಡಿದು ಬೆಕ್ಕಿನ ತನಕ ಎಲ್ಲರೂ ಜಾರುತ್ತಾರೆ. ಇಡೀ ಊರಿಗೆ "ಆಯ್ತು ಬಿಡು" ಅನ್ನುವ ಈ ಪುಣ್ಯಾತ್ಮ, ಹೆಂಡತಿ ಬಾಯಿ ತೆರೆದರೆ ಮಾತ್ರ "ನೋಡೋಣ" ಅನ್ನುತ್ತಿದ್ದ.

ಆದರೂ ಟೈಲರಮ್ಮ ಆ ಬೆಳಿಗ್ಗೆ ಉಪ್ಪಿನ ಡಬ್ಬದ ಪೆಟ್ಟನ್ನು ನುಂಗಿಕೊಂಡಳು. ಕಾರಣವಿತ್ತು. ಅಂದು ಅವಳ ಮೇಜು ಬರುವುದಿತ್ತು.

ಮದುವೆಯಾಗಿ ಬಂದು ಅವಳು ಮನೆಯಲ್ಲೇ ಹೊಲಿಯತೊಡಗಿ ಇಪ್ಪತ್ತೆರಡು ವರ್ಷ. ಮದುವೆಗೆ ಮುಂಚೆ ಕಲಿತದ್ದು, ಕೋಟು ಹೊಲಿಯುವ ಒಬ್ಬ ಮುದುಕರ ಅಂಗಡಿಯಲ್ಲಿ. ಎಲ್ಲರೂ ಅವರನ್ನು ಮಾಸ್ಟರ್ ಅನ್ನುತ್ತಿದ್ದರು. ಕೈ ಬಿಗಿ, ಬಾಯಿ ಇನ್ನೂ ಬಿಗಿ. ಆ ಬಾಯಿಂದ ಮೂರು ವರ್ಷದಲ್ಲಿ ಬಂದ ಪಾಠ ಒಂದೇ: "ಪುಸ್ತಕದಲ್ಲಿ ಮೈಯಳತೆ ಬರೀಬೇಡ, ಕತ್ತರಿ ಅಳತೆ ಬರಿ. ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ಸೇರಿಸ್ಕೊಂಡೇ ಬರಿ. ಒಳಗೆ ಜಾಗ ಬಿಡದವನು ಟೈಲರೇ ಅಲ್ಲ." ಅಂದಿನಿಂದ ಅವಳ ಕೈ ಮೂವತ್ತು ಎಂದು ಅಳೆದರೆ ಮೂವತ್ತೊಂದು ಎಂದು ಬರೆಯುತ್ತದೆ. ಅದಕ್ಕೆ ಯೋಚನೆ ಬೇಕಿಲ್ಲ, ಉಸಿರಾಡಿದ ಹಾಗೆ. ಬೀದಿಯ ಸೊಂಟಗಳೆಲ್ಲ ಅವಳ ಪುಸ್ತಕದಲ್ಲಿವೆ. ಯಾರು ದಪ್ಪಗಾದರು, ಯಾರು ಚಿಂತೆಯಲ್ಲಿ ಸೊರಗಿದರು ಎಂದು ಅವರವರ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಶಾಲೆ ಮಕ್ಕಳ ಯೂನಿಫಾರ್ಮು, ಆಸ್ಪತ್ರೆಯ ನರ್ಸ್‌ಗಳ ಕೋಟು, ಪರದೆ, ದಿಂಬಿನ ಕವರು, ಯಾವುದಕ್ಕೂ ಇಲ್ಲ ಅಂದವಳಲ್ಲ.

ಇಷ್ಟೆಲ್ಲ ಮಾಡಿದ್ದು ನೆಲದ ಮೇಲೆ. ನಾಲ್ಕು ಬಾಡಿಗೆ ಮನೆಗಳ ನಾಲ್ಕು ಹಾಲುಗಳ ನೆಲದ ಮೇಲೆ. ಬಟ್ಟೆ ಹಾಸಿ, ಮಂಡಿಯೂರಿ, ಸೀಮೆಸುಣ್ಣದ ಗೆರೆ ಎಳೆದು ಇನ್ನೇನು ಕತ್ತರಿ ಹಾಕಬೇಕು ಅನ್ನುವಾಗ ಯಾರಾದರೂ ಬಂದು ಅನ್ನುತ್ತಿದ್ದರು: "ಬಟ್ಟೆ ಎತ್ತು, ಊಟಕ್ಕೆ ಹಾಕ್ಬೇಕು." ಬೆಳಿಗ್ಗೆ ತಿಂಡಿಗೆ ಎತ್ತು, ಮಧ್ಯಾಹ್ನ ಊಟಕ್ಕೆ ಎತ್ತು, ಸಂಜೆ ಯಾರೋ ಬಂದರು, ಎತ್ತು. ಅವಳು ಎತ್ತುತ್ತಿದ್ದಳು. ಗೆರೆ ಅಳಿಸಿಹೋಗುತ್ತಿತ್ತು, ಮಡಿಕೆ ತಪ್ಪುತ್ತಿತ್ತು, ಮತ್ತೆ ಹಾಸಿ ಮತ್ತೆ ಗೆರೆ ಎಳೆಯಬೇಕಿತ್ತು. ತಾನು ದುಡಿದ ಆಯುಷ್ಯದಲ್ಲಿ ಅರ್ಧ ಬಟ್ಟೆ ಎತ್ತಿ ಹಾಸುವುದಕ್ಕೇ ಹೋಯಿತು ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಹೋದ ವರ್ಷ ಮಂಡಿ ಕೈಕೊಟ್ಟಿತು. ನೆಲದಿಂದ ಏಳುವಾಗ ಗೋಡೆ ಹಿಡಿಯಬೇಕಾಯಿತು, ಆಮೇಲೆ ಗೋಡೆಯ ಜೊತೆ ಮಗಳೂ ಬೇಕಾದಳು. ಡಾಕ್ಟರು ನೇರವಾಗಿಯೇ ಹೇಳಿದರು: "ನೆಲದ ಮೇಲೆ ಕೂತು ಕಟಿಂಗ್ ಮಾಡೋದು ಬಿಡಿ. ನಿಂತು ಮಾಡಿ, ಇಲ್ಲಾಂದ್ರೆ ಕೆಲಸಾನೇ ಬಿಡಿ." ಕೆಲಸ ಬಿಡುವುದೆಂದರೆ ಏನು ಎಂದು ಡಾಕ್ಟರಿಗೇನು ಗೊತ್ತು? ಈ ಕೈಗಳಿಗೆ ಬೇರೇನೂ ಬರುವುದಿಲ್ಲ, ಬರುವ ಈ ಒಂದರಲ್ಲಿ ಅವಳಷ್ಟು ಚೆನ್ನಾಗಿ ಮಾಡುವವರು ಆ ಬೀದಿಯಲ್ಲಿ ಇಲ್ಲ.

ಅದಕ್ಕೇ ಹೊಸ ಮನೆಯ ವಿಷಯದಲ್ಲಿ ಅವಳು ಕೇಳಿದ್ದು ಒಂದೇ ಒಂದು. ಬಾಗಿಲ ಪಕ್ಕದ ಸಣ್ಣ ಕೋಣೆ ತನ್ನದು. ಅದರಲ್ಲಿ ಕಿಟಕಿಯ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ, ತಾನು ನಿಂತು ಕತ್ತರಿಸುವಷ್ಟು ಎತ್ತರದ ಒಂದು ಮೇಜು. ಬಣ್ಣ, ಟೈಲ್ಸು, ನಲ್ಲಿ, ದೀಪ, ಎಲ್ಲ ಯಾರು ಬೇಕಾದರೂ ಆರಿಸಿಕೊಳ್ಳಲಿ.

"ನೋಡೋಣ" ಅಂದಿದ್ದ ಗಂಡ.

ಅವಳು ನೋಡುತ್ತ ಕೂರಲಿಲ್ಲ, ತಾನೇ ಬಡಗಿಯನ್ನು ಹಿಡಿದು ಮೇಜಿಗೆ ಹೇಳಿದಳು. ಕೋಣೆ ಉಳಿಸಿಕೊಳ್ಳುವುದೇ ದೊಡ್ಡ ಹೋರಾಟವಾಯಿತು. ಹೊಸ ಮನೆಯಲ್ಲಿ ಜಾಗ ಸಿಗದ ಸಾಮಾನೆಲ್ಲ "ಸದ್ಯಕ್ಕೆ ಇಲ್ಲಿರ್ಲಿ" ಎಂಬ ಮಂತ್ರದೊಂದಿಗೆ ಅವಳ ಕೋಣೆಗೆ ಬಂತು. ಉಳಿದ ಟೈಲ್ಸಿನ ಪೆಟ್ಟಿಗೆ, ಅರ್ಧ ಖಾಲಿಯಾದ ಬಣ್ಣದ ಡಬ್ಬಗಳು, ಮೇಸ್ತ್ರಿ ಮರೆತುಹೋದ ಸುತ್ತಿಗೆ ಉಳಿ, ಹಿಡಿ ಮುರಿದ ಸೂಟ್‌ಕೇಸು, ಯಾವ ಪಾತ್ರೆಗೂ ಕೂರದ ಮುಚ್ಚಳಗಳ ಒಂದು ಚೀಲ. ಸದ್ಯಕ್ಕೆ ಎಂದು ಇಟ್ಟದ್ದು ಸಾಯುವ ತನಕ ಅಲ್ಲೇ ಇರುತ್ತದೆ ಎಂದು ಮನೆ ನಡೆಸಿದ ಯಾರಿಗಾದರೂ ಗೊತ್ತು. ಅವಳು ಹಗಲು ಹೊರಗೆ ಹಾಕಿದ್ದು ಸಂಜೆಗೆ ಒಳಗಿರುತ್ತಿತ್ತು.

ಮೇಜು ಬಂತು. ಏನು ಮೇಜು ಅಂತೀರಿ! ಐದು ಹಲಗೆ ಕೂಡಿಸಿ, ಕನ್ನಡಿಯ ಹಾಗೆ ನುಣುಪು ಮಾಡಿ, ಎರಡೂ ತುದಿಗೆ ಅಡ್ಡಪಟ್ಟಿ ಕೊಟ್ಟು ಗೂಟ ಬಡಿದಿದ್ದ ಬಡಗಿ. ಅಂಗೈ ಸವರಿದರೆ ರೇಷ್ಮೆಯ ನೂಲೂ ಸಿಕ್ಕಿಕೊಳ್ಳದು. ಅವಳು ಎರಡು ಸಲ ಸವರಿದಳು. ಬಡಗಿ ಬಾಯಿ ಬಿಟ್ಟು ನಗದ ಮನುಷ್ಯ, ಅವನೂ ಸ್ವಲ್ಪ ನಕ್ಕ.

ಆಮೇಲೆ ಅದನ್ನು ಕೋಣೆಗೆ ಒಯ್ದರು. ಒಂದು ತುದಿ ಗೋಡೆಗೆ ತಾಗಿತು, ಇನ್ನೊಂದು ತುದಿ ಕೆಳಗಿಳಿಯಲೇ ಇಲ್ಲ. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಬಡಗಿ ಸ್ಟೀಲ್ ಟೇಪು ಎಳೆದು ಗೋಡೆಯಿಂದ ಗೋಡೆಗೆ ಹಿಡಿದ.

"ಎಂಬತ್ನಾಲ್ಕು" ಅಂದ. ಮೇಜಿನ ಮೇಲೆ ಹಿಡಿದ. "ಎಂಬತ್ತೈದು."

"ಅಳತೆ ತಪ್ಪು ಮಾಡಿದ್ಯಲ್ಲಪ್ಪಾ!" ಎಂದಳು ಟೈಲರಮ್ಮ.

ಬಡಗಿ ಅಂಗಿ ಜೇಬಿನಿಂದ ಒಂದು ಚೀಟಿ ತೆಗೆದು, ಬಿಡಿಸಿ, ಅವಳ ಕೈಗೆ ಕೊಟ್ಟ. "ಇದು ಯಾರ ಅಕ್ಷರ ನೋಡಿ ಅಮ್ಮ."

ಅವಳದೇ ಅಕ್ಷರ. ಬಾಲ ಉದ್ದ ಎಳೆದ ಐದು. ಅವಳೇ ಕೊರಳಿನ ಟೇಪು ತೆಗೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೋಡೆ ಅಳೆದಿದ್ದಳು. ಎಂಬತ್ನಾಲ್ಕು ಬಂದಿತ್ತು. ಕೈ ಎಂಬತ್ತೈದು ಎಂದು ಬರೆದಿತ್ತು. ಆ ಕಡೆ ಅರ್ಧ, ಈ ಕಡೆ ಅರ್ಧ. ಅದೇ ದಿನ ಅದೇ ಲೆಕ್ಕದಲ್ಲಿ ಅಳೆದು ಹೊಲಿದಿದ್ದ ಕಿಟಕಿಯ ಪರದೆ ಮಾತ್ರ ಕೂದಲೆಳೆ ಆಚೀಚೆಯಾಗದೆ ಕೂತು ಅವಳನ್ನೇ ಅಣಕಿಸುತ್ತಿತ್ತು.

ಮಗಳು ಚೀಟಿ ಇಣುಕಿ ನೋಡಿದಳು. ಕಾಲೇಜಿಗೆ ಹೋಗುವ ಹುಡುಗಿ, ತಾಯಿಯ ಕಸುಬು ನೋಡುತ್ತಲೇ ಬೆಳೆದವಳು, ಅವಳಿಗೆ ತಟ್ಟನೆ ಹೊಳೆಯಿತು. "ಅಯ್ಯೋ ಅಮ್ಮ! ಮೇಜನ್ನ ಗೋಡೆಗೆ ಹೊಲೀಬೇಕು ಅಂತಿದ್ದೀಯಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ನಕ್ಕರು. ಗಂಡ ನಗು ತಡೆದುಕೊಂಡ, ಅದು ನಗುವುದಕ್ಕಿಂತ ಕೆಟ್ಟದ್ದು. ಸಂಜೆಯ ಹೊತ್ತಿಗೆ ಸುದ್ದಿ ಫೋನಿನಲ್ಲಿ ನಾದಿನಿಯ ತನಕ ಹೋಗಿ, ಅಲ್ಲಿಯೂ ನಕ್ಕು ವಾಪಸು ಬಂತು.

"ಒಂದು ಇಂಚು ಕೊಯ್ದು ಕೊಡಪ್ಪಾ" ಎಂದು ಅವಳು ಬಡಗಿಯನ್ನು ಕೇಳಿದಳು.

"ಎಲ್ಲಿ ಕೊಯ್ಯಲಿ? ತುದೀಲಿ ಗೂಟ ಇದೆ. ಗೂಟ ಕೊಯ್ದ್ರೆ ಬೇಸಿಗೇಲಿ ಹಲಗೆ ಐದೂ ಐದು ದಿಕ್ಕಿಗೆ ಹೋಗುತ್ತೆ. ಪೂರ್ತಿ ಬಿಚ್ಚಿ ಕಟ್ಬೇಕು. ನಾಳೆಯಿಂದ ಬೇರೆ ಕಡೆ ಕೆಲಸ ಒಪ್ಕೊಂಡಿದೀನಿ, ಎರಡು ತಿಂಗಳು ಬಿಟ್ಟು ಬರ್ತೀನಿ." ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತಂದದ್ದು. ಅವನು ತಪ್ಪು ಮಾಡಿದ್ದರೆ ಬೈಯಬಹುದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಳ್ಳುವುದರಲ್ಲಿ ಏನು ಸುಖವಿದೆ?

ಉದ್ದಕ್ಕೆ ಹಾಕೋಣವೆಂದರೆ ಒಂದು ಗೋಡೆಯಲ್ಲಿ ಬಾಗಿಲು, ಎದುರಿನದರಲ್ಲಿ ಬೀರು. ಓರೆಯಾಗಿ ಹಾಕಿದರೆ ಕೋಣೆಯೊಳಗೆ ಬೆಕ್ಕು ಮಾತ್ರ ಓಡಾಡಬಹುದು. ಕೊನೆಗೆ ಮೇಜನ್ನು ಹಾಲಿನಲ್ಲಿ ನಿಲ್ಲಿಸಿದರು. ಸದ್ಯಕ್ಕೆ.

ಆ ರಾತ್ರಿಯ ಊಟಕ್ಕೆ ಮಗಳು ತನ್ನ ತಟ್ಟೆಯನ್ನು ಅದರ ಮೇಲೆ ಇಟ್ಟಳು. ಸ್ಟೂಲಿನ ಮೇಲೆ ಕೂತು, "ಹೋಟೆಲ್ ಥರ ಇದೆ" ಅಂದಳು. ಅತ್ತೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು ಕೂತರು, ಅವರ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. "ಬೆನ್ನಿಗೆ ಎಷ್ಟು ಆರಾಮು" ಅಂದರು. ಟೈಲರಮ್ಮ ಕೂತರೆ ಮೇಜು ಗದ್ದಕ್ಕೆ ಬರುತ್ತಿತ್ತು, ಅವಳು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಂಡಳು. ತನ್ನ ಕತ್ತರಿ ಓಡಬೇಕಾದ ಹಲಗೆಯ ಮೇಲೆ ನೀರಿನ ಲೋಟ ಒದ್ದೆ ಉಂಗುರ ಬಿಡುವುದನ್ನು ನೋಡುತ್ತ ಉಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಅವಳ ತುತ್ತನ್ನು ಎಲ್ಲರೂ ಅವಳ ಕಣ್ಣೆದುರೇ ಕೂತು ತಿನ್ನುತ್ತಿದ್ದರು.

ಮೂರನೆಯ ದಿನ ನಾದಿನಿಯ ಫೋನು ಬಂತು. ಭಾನುವಾರ ನೆಂಟರೆಲ್ಲ ಮನೆ ನೋಡಲು ಬರುವವರಿದ್ದರು. "ನನ್ನ ಕಡೆಯಿಂದ ಹೊಸ ಮನೆಗೆ ಆರು ಎತ್ತರದ ಕುರ್ಚಿ. ಊಟದ ಮೇಜಿಗೆ ಸರಿಹೋಗುತ್ತೆ."

"ಆಯ್ತು ಬಿಡು" ಅಂದ ಗಂಡ.

ಟೈಲರಮ್ಮನ ಪಿತ್ತ ನೆತ್ತಿಗೇರಿತು. "ಯಾವ ಊಟದ ಮೇಜು? ಅದು ನನ್ನ ಕಟಿಂಗ್ ಮೇಜು. ನೀವು ಅವಳಿಗೆ ಬೇಡ ಅನ್ನಬೇಕಿತ್ತು."

"ಪ್ರೀತಿಯಿಂದ ಕೊಡ್ತೀನಿ ಅನ್ನೋಳಿಗೆ ಬೇಡ ಅನ್ನೋಕಾಗುತ್ತಾ?"

"ಹಾಗಾದ್ರೆ ನಾನೆಲ್ಲಿ ಕಟಿಂಗ್ ಮಾಡ್ಲಿ? ಶಾಲೆ ಶುರುವಾಗೋಕೆ ಮೂರು ವಾರ ಇದೆ. ನಲವತ್ತು ಜೊತೆ ಯೂನಿಫಾರ್ಮು ಬಂದು ಬಿದ್ದಿದೆ."

"ಊಟ ಆದ್ಮೇಲೆ ಮೇಜು ಖಾಲೀನೇ ಇರುತ್ತಲ್ಲ, ಆಗ ಮಾಡ್ಕೋ. ಊಟದ ಹೊತ್ತಿಗೆ ಎತ್ತಿದ್ರಾಯ್ತು."

ಅವನು ಕೆಟ್ಟವನಲ್ಲ. ಕೈಹಿಡಿದವಳ ಮೇಲೆ ಒಂದು ದಿನವೂ ಕೈಯೆತ್ತಿದವನಲ್ಲ, ಗದರಿದವನೂ ಅಲ್ಲ. ಅವನ ಜೊತೆ ಜಗಳವಾಡುವುದೂ ಒಂದೇ, ಹತ್ತಿಯ ಮೂಟೆಗೆ ಗುದ್ದುವುದೂ ಒಂದೇ. ಎತ್ತಿದ್ರಾಯ್ತು ಎಂದು ಅಷ್ಟು ಸುಲಭವಾಗಿ ಅಂದನಲ್ಲ, ಇಪ್ಪತ್ತೆರಡು ವರ್ಷ ಅವಳು ಎತ್ತಿದ್ದನ್ನು ಅವನು ನೋಡಿಯೇ ಇಲ್ಲವೇ? ಒಮ್ಮೆ ಆ ಆರು ಕುರ್ಚಿ ಬಂದು, ನೆಂಟರು ಅವುಗಳ ಮೇಲೆ ಕೂತು ಉಂಡರೆ, ಆಮೇಲೆ ಅದು ಊಟದ ಮೇಜೇ. ದೇವರೇ ಇಳಿದು ಬಂದು ಅಲ್ಲ ಎಂದರೂ ಈ ಮನೆಯಲ್ಲಿ ಯಾರೂ ನಂಬುವುದಿಲ್ಲ. ಅವಳು ಮತ್ತೆ ನೆಲಕ್ಕೆ. ಆಮೇಲೆ ಮಂಡಿ ಎಷ್ಟು ದಿನ ತಡೆದೀತು, ಅಷ್ಟು ದಿನ ಕಸುಬು.

ಶುಕ್ರವಾರ ಬೆಳಿಗ್ಗೆ ಅವಳು ತನ್ನ ಕೋಣೆಯಲ್ಲಿ ನೆಲದ ಮೇಲೆ ಕೂತು ಯೂನಿಫಾರ್ಮಿನ ತೋಳು ಕತ್ತರಿಸುತ್ತಿದ್ದಳು. ಗಂಡ ಮೊಳೆ, ಸುತ್ತಿಗೆ ಹಿಡಿದು ಒಳಗೆ ಬಂದ. ಹಿಂದೆಯೇ ಅತ್ತೆ, ಕೈಯಲ್ಲಿ ಅವರ ಹಳೆಯ ಗೋಡೆ ಗಡಿಯಾರ. ಅದು ಹತ್ತು ನಿಮಿಷ ಹಿಂದೆ ಓಡುತ್ತದೆ, ಗಂಟೆಗೊಮ್ಮೆ ಕೆಮ್ಮುತ್ತದೆ. ಹಾಲಿನ ಬೂದು ಗೋಡೆಗೆ ಮೊಳೆ ಹೊಡೆಯಕೂಡದೆಂದು ಮಗಳ ಅಪ್ಪಣೆಯಾಗಿತ್ತು.

"ಸದ್ಯಕ್ಕೆ ಇಲ್ಲಿರ್ಲಿ ಅಂತ" ಅಂದ ಗಂಡ.

ಟೈಲರಮ್ಮ ತಲೆಯೆತ್ತಲಿಲ್ಲ. ಬೈದು ಬೈದು ಬಾಯಿ ಸೋತಿತ್ತು. ಅವನು ಎರಡು ಏಟು ಹಾಕಿದ. ಮೂರನೆಯ ಏಟಿಗೆ ಅಂಗೈಯಗಲದ ಗಾರೆ ಕಿತ್ತು ಬಂದು ಅವಳು ಗೆರೆ ಎಳೆದಿಟ್ಟ ಬಿಳಿ ಬಟ್ಟೆಯ ಮೇಲೆ ದೊಪ್ಪನೆ ಬಿತ್ತು.

"ಹೊಸ ಮನೆ!" ಎಂದು ಅತ್ತೆ ಎದೆಗೆ ಕೈಯಿಟ್ಟುಕೊಂಡರು.

"ಮೇಸ್ತ್ರಿಗೆ ಹೇಳಿ ಮೆತ್ತಿಸೋಣ ಬಿಡು" ಎಂದು ಗಂಡ ಮೆಲ್ಲಗೆ ಡಿಪೋಗೆ ಜಾರಿಕೊಂಡ. ಅತ್ತೆ ಗಡಿಯಾರವನ್ನು ಬೀರುವಿನ ಮೇಲಿಟ್ಟು ಹೋದರು, ಸದ್ಯಕ್ಕೆ.

ಅವಳು ಗಾರೆಯ ಚೂರನ್ನು ಕಿಟಕಿಯಾಚೆ ಎಸೆಯಲು ಎತ್ತಿಕೊಂಡಳು. ಎತ್ತಿಕೊಂಡವಳು ಎಸೆಯಲಿಲ್ಲ. ಅದರ ದಪ್ಪ ನೋಡಿದಳು. ಕೊರಳಿನ ಟೇಪು ಹಿಡಿದಳು. ಮುಕ್ಕಾಲು ಇಂಚು. ಎದ್ದು, ಬೀರು ಹಿಡಿದುಕೊಂಡು ನಿಂತು, ಗೋಡೆಯ ಆ ಗಾಯದೊಳಗೆ ಬೆರಳಿಟ್ಟಳು. ಒಳಗೆ ಇಟ್ಟಿಗೆ ತಣ್ಣಗಿತ್ತು. ಈ ಗೋಡೆಯಲ್ಲಿ ಮುಕ್ಕಾಲು, ಆ ಗೋಡೆಯಲ್ಲಿ ಮುಕ್ಕಾಲು. ಬೇಕಾದದ್ದು ಒಂದೇ ಇಂಚು. ಇಷ್ಟು ದಿನ ಅವಳು ಮೇಜನ್ನು ಹೇಗೆ ಚಿಕ್ಕದು ಮಾಡುವುದೆಂದು ತಲೆ ಕೆಡಿಸಿಕೊಂಡಿದ್ದಳು. ಬಟ್ಟೆ ಬಿಗಿಯಾಯಿತು ಎಂದು ಬಂದವರಿಗೆ ಸೊಂಟ ಚಿಕ್ಕದು ಮಾಡಿಕೊಂಡು ಬನ್ನಿ ಎಂದು ಅವಳು ಯಾವತ್ತಾದರೂ ಹೇಳಿದ್ದುಂಟೇ? ಒಳಗೆ ಬಿಟ್ಟ ಜಾಗ ಬಿಚ್ಚಿ ಕೊಡುತ್ತಾಳೆ. ಮೇಸ್ತ್ರಿ ತನಗೆ ಗೊತ್ತಿಲ್ಲದೆಯೇ ಗೋಡೆಯ ಒಳಗೆ ಜಾಗ ಬಿಟ್ಟಿದ್ದ.

ಶನಿವಾರ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು "ಸದ್ಯಕ್ಕೆ" ರಾಶಿಯನ್ನು ಕೆದಕಿ ಮೇಸ್ತ್ರಿ ಮರೆತುಹೋದ ಉಳಿ ಸುತ್ತಿಗೆ ಹೊರಗೆಳೆದಳು. ಹೊಲಿಗೆಯ ಸೀಮೆಸುಣ್ಣದಿಂದ ಎರಡೂ ಗೋಡೆಗಳ ಮೇಲೆ, ಮೇಜಿನ ಎತ್ತರಕ್ಕೆ ಸರಿಯಾಗಿ, ಎರಡು ಗೇಣು ಅಗಲದ ಪಟ್ಟಿ ಎಳೆದಳು. ಇಷ್ಟು ವರ್ಷ ಎಷ್ಟೋ ಬೆಲೆಯ ಬಟ್ಟೆಗೆ ಕತ್ತರಿ ಹಾಕಿದ್ದಾಳೆ, ಹೊಚ್ಚಹೊಸ ಗೋಡೆಗೆ ಉಳಿ ಹಾಕಿದ್ದಿಲ್ಲ. ಹಾಕಿದಳು.

ಮೊದಲ ಟಾಕಾ ಬಿಚ್ಚುವುದೇ ಕಷ್ಟ, ಆಮೇಲೆ ನೂಲು ತಾನಾಗಿ ಬರುತ್ತದೆ. ಗಾರೆ ತುಂಡು ತುಂಡಾಗಿ ಉದುರಿತು. ಧೂಳು ಮೂಗು, ಬಾಯಿ, ಕೂದಲನ್ನೆಲ್ಲ ತುಂಬಿತು. ಒಂದೊಂದು ಏಟಿಗೂ ಅವಳ ಬಾಯಿಂದ ಏನೋ ಹೊರಡುತ್ತಿತ್ತು. ಒಂದು ಏಟು ಅಡುಗೆಮನೆ ಕಪಾಟಿಗೆ, ಒಂದು ಬಚ್ಚಲಿನ ಟೈಲ್ಸಿಗೆ, ಒಂದು ಬೂದು ಬಣ್ಣಕ್ಕೆ, ಒಂದು ಬಾಲ ಉದ್ದ ಎಳೆದ ಐದಕ್ಕೆ. "ನೋಡೋಣ"ಕ್ಕೆ ಎಷ್ಟು ಬಿದ್ದವೋ ಲೆಕ್ಕವಿಲ್ಲ.

ಬಾಗಿಲಲ್ಲಿ ಅತ್ತೆ ಬಂದು ನಿಂತರು. ಅವಳು ಉಳಿ ಹಿಡಿದೇ ತಿರುಗಿದಳು. ಇವತ್ತು ಒಂದು ಮಾತು ಅಂದರೆ ತಾನೂ ಅನ್ನುವುದೇ ಎಂದು ನಿರ್ಧಾರ ಮಾಡಿಕೊಂಡಿದ್ದಳು.

ಅತ್ತೆ ಗೋಡೆ ನೋಡಿದರು, ಸೊಸೆಯನ್ನು ನೋಡಿದರು. "ನಾಳೆ ಅವಳು ಕುರ್ಚಿ ತರ್ತಾಳೆ" ಅಂದರು.

"ತರ್ಲಿ."

"ಮೇಜಿಲ್ದೆ ಎಲ್ಲಿ ಊಟ ಮಾಡೋದು?"

"ಗೊತ್ತಿಲ್ಲ ಅತ್ತೆ. ನಾನೆಲ್ಲಿ ಕಟಿಂಗ್ ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರಾ? ಇಪ್ಪತ್ತೆರಡು ವರ್ಷ ನಿಮ್ಮ ತಟ್ಟೆಗೋಸ್ಕರ ಬಟ್ಟೆ ಎತ್ತಿದೀನಿ. ಇನ್ನು ನನ್ನ ಕೈಲಾಗಲ್ಲ. ಮಂಡಿ ಹೋಗಿದೆ, ತಾಳ್ಮೆ ಅದಕ್ಕಿಂತ ಮುಂಚೆ ಹೋಗಿದೆ."

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅವರ ಮುಖದಲ್ಲಿ ಏನಿದೆ ಎಂದು ಧೂಳಿನಲ್ಲಿ ಕಾಣಿಸಲಿಲ್ಲ.

"ಬಾಗಿಲು ಹಾಕ್ಕೊಂಡು ಒಡಿ. ಧೂಳೆಲ್ಲ ಅಡುಗೆಮನೆಗೆ ಬರ್ತಿದೆ" ಎಂದರು. ಹೋಗುತ್ತ, ಗೋಡೆಗೆ ಹೇಳಿದ ಹಾಗೆ, "ನಂಗೇನು, ಎಪ್ಪತ್ತು ವರ್ಷ ತೊಡೆ ಮೇಲೆ ತಟ್ಟೆ ಇಟ್ಕೊಂಡೇ ಉಂಡಿದೀನಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಎರಡೂ ಗೋಡೆಗಳ ಇಟ್ಟಿಗೆ ಬಾಯಿ ಬಿಟ್ಟಿತ್ತು. ಕಾಲೇಜಿನಿಂದ ಬಂದ ಮಗಳು ಬಾಗಿಲು ತೆರೆದು, ತಾಯಿಯ ಬೆಳ್ಳಗಾದ ತಲೆ ಕಂಡು ಒಂದು ಕ್ಷಣ ಬೆಚ್ಚಿಬಿದ್ದಳು. ಈ ಸಲ ನಗಲಿಲ್ಲ. ಪುಸ್ತಕದ ಚೀಲ ಕೆಳಗಿಟ್ಟು, ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದು ಮೇಜಿನ ಕಾಲುಗಳ ಎಂಟು ಸ್ಕ್ರೂ ಬಿಚ್ಚಿದಳು. ಕಾಲುಗಳನ್ನು ಮೊದಲು ಕಿಟಕಿಯ ಕೆಳಗೆ ನಿಲ್ಲಿಸಿ, ಹಲಗೆಯನ್ನು ಅಡ್ಡ ಮಾಡಿ ಒಳಗೆ ತಂದರು. ತಾಯಿ ಒಂದು ತುದಿ, ಮಗಳು ಒಂದು ತುದಿ. ಹಲಗೆ ಭಾರವಿತ್ತು. ಅರ್ಧ ದಾರಿಯಲ್ಲಿ ಟೈಲರಮ್ಮನ ಮಂಡಿ ಕಳಕ್ಕೆಂದಿತು. ಅತ್ತೆ ಎಲ್ಲಿಂದ ಬಂದರೋ, ನಡುವೆ ಹೆಗಲು ಕೊಟ್ಟು, "ಆ ಕಡೆ ಮೊದಲು ಇಳಿಸಿ, ಆಮೇಲೆ ಈ ಕಡೆ. ಯಾರಿಗೂ ಒಂದು ಕೆಲಸ ನೆಟ್ಟಗೆ ಬರಲ್ಲ" ಎಂದು ಗೊಣಗಿದರು.

ಆ ಕಡೆ ಇಳಿಯಿತು. ಈ ಕಡೆ ಇಟ್ಟಿಗೆಗೆ ಸವರಿಕೊಂಡು, ಕರ್ರೆಂದು ಸದ್ದು ಮಾಡುತ್ತ ಇಳಿದು ಕೂತಿತು. ಎರಡೂ ಕಡೆ ಕಾಲು ಇಂಚು ಉಳಿಯಿತು. ಟೈಲರಮ್ಮ ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತಳು. ಕಿಟಕಿಯ ಬೆಳಕು ನೇರ ಹಲಗೆಯ ಮೇಲೆ ಬಿದ್ದಿತ್ತು. ಸೊಂಟ ಬಗ್ಗಿಸಬೇಕಿರಲಿಲ್ಲ, ಮಂಡಿ ಮಡಿಸಬೇಕಿರಲಿಲ್ಲ. ಅವಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು. ಇಷ್ಟೇ ತಾನೆ ಬೇಕಾಗಿದ್ದದ್ದು. ಇಷ್ಟಕ್ಕೆ ಗೋಡೆ ಒಡೆಯಬೇಕಾಯಿತೇ?

ಸಂಜೆ ಗಂಡ ಬಂದು ಖಾಲಿ ಹಾಲು ನೋಡಿದ, ಕೋಣೆ ನೋಡಿದ, ಗೋಡೆ ನೋಡಿದ. "ನಾಳೆ ನೆಂಟರು ಏನಂತಾರೆ?" ಎಂದಷ್ಟೇ ಕೇಳಿದ.

"ನೋಡೋಣ" ಅಂದಳು ಟೈಲರಮ್ಮ.

ಭಾನುವಾರ ನೆಂಟರು ಬಂದರು. ನಾದಿನಿಯ ಜೊತೆ ಆರು ಎತ್ತರದ ಕುರ್ಚಿಗಳೂ ಬಂದವು. ಮೇಜಿಲ್ಲದ ಹಾಲಿನಲ್ಲಿ ಅವು ಕೊಕ್ಕರೆಗಳ ಹಾಗೆ ಸುಮ್ಮನೆ ನಿಂತವು. ಬಂದವರೆಲ್ಲ ಕಪಾಟು ಹೊಗಳಿದರು, ಬೂದು ಬಣ್ಣ ಹೊಗಳಿದರು, ಬಚ್ಚಲಿನಲ್ಲಿ ಇಬ್ಬರು ಜಾರಿದರು. "ಮನೆ ಕಟ್ಟಿ ನೋಡು" ಅನ್ನುವ ಗಾದೆಯನ್ನು ತಾವೇ ಕಂಡುಹಿಡಿದವರ ಹಾಗೆ ಒಬ್ಬೊಬ್ಬರೂ ಒಂದೊಂದು ಸಲ ಹೇಳಿದರು. ಟೈಲರಮ್ಮ ಬಡಿಸುವುದನ್ನೆಲ್ಲ ಮಾಡಿ ಮುಚ್ಚಿಟ್ಟು, ತನ್ನ ಕೋಣೆಗೆ ಬಂದು, ಬಿಳಿ ಬಟ್ಟೆಯನ್ನು ಈ ಗೋಡೆಯಿಂದ ಆ ಗೋಡೆಗೆ ಹಾಸಿ ಗೆರೆ ಎಳೆಯತೊಡಗಿದಳು. ಇಟ್ಟಿಗೆಯ ಕೆಂಪು ಪುಡಿ ಆಗಾಗ ಬಟ್ಟೆಯ ಅಂಚಿಗೆ ಉದುರುತ್ತಿತ್ತು, ಅವಳು ಶಪಿಸುತ್ತ ಊದುತ್ತಿದ್ದಳು. ನೆಂಟರು ಬಂದಾಗ ಕೆಲಸ ಹಿಡಿದು ಕೂರುವುದು ಮರ್ಯಾದೆಯಲ್ಲ, ಅವಳಿಗೆ ಗೊತ್ತಿತ್ತು.

ಗಂಡ ಒಳಗೆ ಬಂದ. ಎರಡು ಕೈಯಲ್ಲಿ ನಾಲ್ಕು ತಟ್ಟೆ. ಹಿಂದೆ ನಾದಿನಿ ಲೋಟಗಳನ್ನು ಹಿಡಿದು ನಿಂತಿದ್ದಳು. ಅವನು ಯೋಚನೆಯಿಲ್ಲದೆ, ಉಸಿರಾಡಿದ ಹಾಗೆ, ತಟ್ಟೆಗಳನ್ನು ಬಟ್ಟೆಯ ಅಂಚಿನ ಮೇಲೆಯೇ ಇಟ್ಟು, "ಬಟ್ಟೆ ಎತ್ತು, ಊಟಕ್ಕೆ ಹಾಕ್ಬೇಕು. ಇವತ್ತೊಂದಿನ" ಅಂದ.

ಟೈಲರಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಅವನ ಮುಖ ನೋಡಿದಳು.

"ತಟ್ಟೆ ಎತ್ತಿ. ಬಟ್ಟೆ ಕತ್ತರಿಸ್ಬೇಕು."

ದನಿ ಏರಿರಲಿಲ್ಲ. ಅವನು ತಂಗಿಯ ಕಡೆ ತಿರುಗಿದ, 'ಅತ್ತಿಗೆಗೆ ಏನಾಗಿದೆ' ಅನ್ನುವ ಹಾಗೆ ಅವಳು ಅಣ್ಣನನ್ನೇ ನೋಡಿದಳು. ಅವನು ಹಾಲಿನ ಕಡೆ ತಿರುಗಿದ. ಅತ್ತೆ ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಆಗಲೇ ಊಟ ಶುರು ಮಾಡಿದ್ದರು.

"ಏನಂತೆ?" ಎಂದು ಕೇಳಿದರು.

"ತಟ್ಟೆ ಎತ್ತಬೇಕಂತೆ."

"ಎತ್ತು ಮತ್ತೆ. ಎಲ್ಲ ನನ್ನನ್ನೇ ಕೇಳ್ತೀಯಾ?"

ಅವನು ಇನ್ನೂ ನಿಂತಿದ್ದ. ಬಟ್ಟೆಯ ಮೇಲಿನ ಗೆರೆ ನೋಡಿದ. ಒಂದು ತಟ್ಟೆಯ ಅಡಿಯಲ್ಲಿ ಆ ಗೆರೆ ಆಗಲೇ ಒದ್ದೆಯಾಗಿ ಅಳಿಸಿಹೋಗಿತ್ತು. ಅದನ್ನು ಅವನು ತುಸು ಹೊತ್ತು, ಮೊದಲ ಸಲ ನೋಡುವವನ ಹಾಗೆ ನೋಡಿದ. ಆಮೇಲೆ ನಾಲ್ಕೂ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಎದೆಗೆ ಒತ್ತಿಕೊಂಡ.

"ಆಯ್ತು ಬಿಡು" ಅಂದ, ಹೆಂಡತಿಗೆ.

ಅವಳು ಒದ್ದೆಯಾದ ಜಾಗವನ್ನು ಒರೆಸಿ, ಅಳಿಸಿದ ಗೆರೆಯನ್ನು ಮತ್ತೆ ಎಳೆದಳು. "ಹೋಗ್ತಾ ಆ ಗಡಿಯಾರಾನೂ ತಗೊಂಡು ಹೋಗಿ" ಎಂದು ಹೇಳಿ ಕತ್ತರಿ ಹಿಡಿದಳು.